ನಾಸ್ಮ್ (ಅಸೆಂಬ್ಲರ್) ಓಕೆ, ಎಲ್‌ಡಿಯಲ್ಲಿ (ಲಿಂಕರ್) ಎರರ್. ಯಾರಾದ್ರೂ ನೋಡಿ ಮಾರ್ರೆ

ಸುರತ್ಕಲ್_ಹುಡುಗ:
ಲ್ಯಾಬಿನಲ್ಲಿ ಸರಿಯಾಗಿ ಓಡುವ ಅಸೆಂಬ್ಲಿ ಭಾಷೆಯ ಹಲೋ ಪ್ರೋಗ್ರಾಂ ಮನೆಯ ಲ್ಯಾಪ್‌ಟಾಪಿನಲ್ಲಿ ಲಿಂಕ್ (.ಓ ಫೈಲುಗಳನ್ನು ಜೋಡಿಸಿ ಓಡುವ ಪ್ರೋಗ್ರಾಂ ಮಾಡುವುದು) ಆಗ್ತಾ ಇಲ್ಲ. ಲ್ಯಾಬಿನದ್ದು ಹಳೇ 32 ಬಿಟ್ ಉಬುಂಟು, ನನ್ನದು 64. 'ನಾಸ್ಮ್ -ಎಫ್ ಎಲ್ಫ್ ಹಲೋ.ಎಎಸ್ಎಂ' ಕೊಟ್ಟರೆ ಏನೂ ತಕರಾರಿಲ್ಲ, ಹಲೋ.ಓ ಅಂತ ಮೆಷಿನ್ ಕೋಡಿನ ಫೈಲು ಬರ್ತದೆ, ಆದ್ರೆ 'ಎಲ್‌ಡಿ ಹಲೋ.ಓ -ಓ ಹಲೋ' ಅಂತ ಕೊಟ್ಟ ಕೂಡಲೇ ಐ386 (32 ಬಿಟ್) ಫೈಲು ಎಕ್ಸ್86-64 (64 ಬಿಟ್) ಔಟ್‌ಪುಟ್ ಜೊತೆ ಇನ್‌ಕಂಪ್ಯಾಟಿಬಲ್ ಅಂತ ಬರ್ತದೆ. ಸೀನಿಯರ್ ಒಬ್ಬರು ಎಲ್‌ಡಿ ಬದಲು ಜಿಸಿಸಿ (ಸಿ ಕಂಪೈಲರ್) -ಎಂ32 ಹಾಕು ಅಂದ್ರು. ಹಾಕಿದೆ. ಈಗ _ಸ್ಟಾರ್ಟ್‌ಗೆ (ಪ್ರೋಗ್ರಾಂ ಶುರುವಾಗುವ ಲೇಬಲ್) ಮಲ್ಟಿಪಲ್ ಡೆಫಿನಿಷನ್, ಮೈನ್‌ಗೆ ಅನ್‌ಡಿಫೈನ್ಡ್ ರೆಫರೆನ್ಸ್ (ಹೆಸರು ಎಲ್ಲೂ ಸಿಕ್ಕಿಲ್ಲ ಅಂತ)! ಸೋಮವಾರ ಇಂಟರ್ನಲ್ಸ್ ಉಂಟು, ಈ ಮಳೆಗೆ ಕರೆಂಟ್ ಬೇರೆ ಹೋಗಿ ಬಂದು ಮಾಡ್ತಾ ಇದೆ.

ಕಟಪಾಡಿ_ಲಿನಕ್ಸ್:
ಎರಡೂ ಬೇರೆ ಬೇರೆ ಕಿರಿಕಿರಿ, ಒಟ್ಟಿಗೆ ಬೆರೆಸಬೇಡಿ. ಬರೀ ಎಲ್ಫ್ (ಲಿನಕ್ಸಿನ ಫೈಲ್ ಫಾರ್ಮ್ಯಾಟ್) ಅಂದ್ರೆ ನಾಸ್ಮ್ 32 ಬಿಟ್ ಫೈಲು ಕೊಡುತ್ತದೆ. ನಿಮ್ಮ ಮೆಷಿನ್ನಿನ ಎಲ್‌ಡಿ ಸುಮ್ನೆ ಬಿಟ್ಟರೆ 64 ಬಿಟ್ಟಿನದ್ದೇ ಕಟ್ಟಲು ಹೊರಡುತ್ತದೆ. 'ಎಲ್‌ಡಿ -ಎಂ ಎಲ್ಫ್_ಐ386 ಹಲೋ.ಓ -ಓ ಹಲೋ' ಅಂತ ಕೊಡಿ, ಮುಗೀತು.

ನಾಸ್ಮ್ ಸಾಲಿನಲ್ಲಿ ಎಲ್ಫ್64 ಅಂತ ಬದಲಾಯಿಸಿ ಅಂತ ಯಾರಾದ್ರೂ ಹೇಳಿದ್ರೆ ಈಗ ಕೇಳಬೇಡಿ. ಪುಶ್ ಇಎಎಕ್ಸ್ (64ರಲ್ಲಿ ನಡೆಯದ 32 ಬಿಟ್ ಆದೇಶ) ಇರುವ ಸಾಲಿನಲ್ಲೇ ನಾಸ್ಮ್ ನಿಂತುಬಿಡುತ್ತದೆ. 64ರಲ್ಲಿ ಸಿಸ್ಟಂ ಕಾಲ್ (ಕರ್ನಲ್‌ಗೆ ಕೆಲಸ ಹೇಳುವುದು) ನಂಬರುಗಳೂ ಬೇರೆ. 32ರಲ್ಲಿ ರೈಟ್ 4, ಎಕ್ಸಿಟ್ 1, ಅದೇ 64ರ ಸಿಸ್‌ಕಾಲ್‌ನಲ್ಲಿ ರೈಟ್ 1, ಎಕ್ಸಿಟ್ 60. ಲ್ಯಾಬ್ ಪರೀಕ್ಷೆ 32ರಲ್ಲೇ ಅಲ್ವಾ, ಹಾಗೇ ಇರಲಿ.

ಬಲ್ಮಠದ_ಬೆಕ್ಕು:
ಜಿಸಿಸಿ ವಿಷಯ ನಾನು ಹೇಳ್ತೇನೆ. ಅದು ಲಿಂಕ್ ಮಾಡುವಾಗ ಸಿಆರ್‌ಟಿ1.ಓ ಅಂತ ತನ್ನದೇ ಒಂದು ಫೈಲು ಸೇರಿಸುತ್ತದೆ. ಅದರೊಳಗೆ ಆಗಲೇ ಒಂದು _ಸ್ಟಾರ್ಟ್ ಇದೆ, ಅದು ಮೈನ್ ಎಲ್ಲಿ ಅಂತ ಹುಡುಕುತ್ತದೆ. ನಿಮ್ಮದೂ _ಸ್ಟಾರ್ಟ್, ಮೈನ್ ಇಲ್ಲವೇ ಇಲ್ಲ, ಮತ್ತೆ ಎರಡು ಎರರ್ ಬಾರದೆ ಎಂತ ಆಗ್ತದೆ? ಸಿ ಲೈಬ್ರರಿಯ ಪ್ರಿಂಟ್ಎಫ್ ಬೇಕಿದ್ದರೆ ಲೇಬಲ್ಲನ್ನು ಮೈನ್ ಮಾಡಿ, ಗ್ಲೋಬಲ್ ಸಾಲನ್ನೂ (ಲೇಬಲ್ ಹೊರಗೆ ಕಾಣುವಂತೆ ಮಾಡುವ ಸಾಲು) ಬದಲಾಯಿಸಿ. ಬೇಡದಿದ್ದರೆ ಆ ಫೈಲು ಸೇರದಂತೆ -ನೋಸ್ಟಾರ್ಟ್‌ಫೈಲ್ಸ್ ಹಾಕಿ, ಅಥವಾ ಜಿಸಿಸಿಯನ್ನೇ ಬಿಡಿ. ಹಲೋಗೆ ಅದು ಜಾಸ್ತಿಯೇ ಆಯ್ತು.

ಸುರತ್ಕಲ್_ಹುಡುಗ:
ಹಲೋ ಬಂತು, ಥ್ಯಾಂಕ್ಸ್ ಅಣ್ಣ! ಈಗ ಎರಡು ಫೈಲಿನ ಪ್ರೋಗ್ರಾಂ. ಒಂದರಲ್ಲಿ ಎಕ್ಸ್‌ಟರ್ನ್ ಕೂಡಿಸು (ಲೇಬಲ್ ಬೇರೆ ಫೈಲಿನಲ್ಲಿದೆ) ಅಂತ ಬರೆದಿದ್ದೇನೆ, ಇನ್ನೊಂದರಲ್ಲಿ ಕೂಡಿಸು ಲೇಬಲ್ ಇದೆ. ಎಲ್‌ಡಿಗೆ ಎರಡೂ .ಓ ಫೈಲು ಕೊಟ್ಟಿದ್ದೇನೆ. ಆದ್ರೂ ಅನ್‌ಡಿಫೈನ್ಡ್ ರೆಫರೆನ್ಸ್.

ಕಟಪಾಡಿ_ಲಿನಕ್ಸ್:
ಲೇಬಲ್ ಇರುವ .ಓ ಫೈಲಿನ ಮೇಲೆ ಎನ್ಎಂ ಕಮಾಂಡ್ (ಫೈಲಿನ ಲೇಬಲ್ ಪಟ್ಟಿ ತೋರಿಸುತ್ತದೆ) ಓಡಿಸಿ. ಕೂಡಿಸು ಎದುರು ಸಣ್ಣ ಟಿ ಇದೆಯಾ, ದೊಡ್ಡ ಟಿ ಇದೆಯಾ ಹೇಳಿ.

ಸುರತ್ಕಲ್_ಹುಡುಗ:
ಸಣ್ಣ ಟಿ.

ಕಟಪಾಡಿ_ಲಿನಕ್ಸ್:
ಹಾಗಾದ್ರೆ ಆ ಫೈಲಿನಲ್ಲಿ ಗ್ಲೋಬಲ್ ಕೂಡಿಸು ಸಾಲು ಇಲ್ಲ. ಸಣ್ಣ ಅಕ್ಷರ ಅಂದ್ರೆ ಲೇಬಲ್ ಆ ಫೈಲಿನೊಳಗೆ ಮಾತ್ರ, ಹೊರಗಿನವರಿಗೆ ಕಾಣುವುದಿಲ್ಲ. ಎಕ್ಸ್‌ಟರ್ನ್ ಬರೆದ ಕಡೆ ನೋಡಿದ್ರೆ ಯು ಅಂತ ಇರುತ್ತದೆ, ಅಂದ್ರೆ ಇನ್ನೂ ಸಿಕ್ಕಿಲ್ಲ ಅಂತ. ಗ್ಲೋಬಲ್ ಹಾಕಿಯೂ ಬಾರದಿದ್ದರೆ ಸ್ಪೆಲಿಂಗ್ ನೋಡಿ, ದೊಡ್ಡಕ್ಷರ ಸಣ್ಣಕ್ಷರ ಕೂಡ ಲೆಕ್ಕಕ್ಕೆ ಬರುತ್ತದೆ.

ಬಲ್ಮಠದ_ಬೆಕ್ಕು:
_ಸ್ಟಾರ್ಟ್‌ಗೆ ಗ್ಲೋಬಲ್ ಹಾಕದಿದ್ದರೆ ಇನ್ನೂ ಮಜಾ. ಅದು ಬರೀ ವಾರ್ನಿಂಗ್, ಎಲ್‌ಡಿ ಟೆಕ್ಸ್ಟ್ (ಕೋಡ್ ಇರುವ) ಸೆಕ್ಷನ್ನಿನ ಮೊದಲ ಸಾಲಿನಿಂದಲೇ ಶುರು ಮಾಡುತ್ತದೆ. _ಸ್ಟಾರ್ಟ್ ಮೇಲೆಯೇ ಇದ್ದರೆ ಪ್ರೋಗ್ರಾಂ ಹೇಗೋ ಓಡುತ್ತದೆ. ಅದರ ಮೇಲೆ ಒಂದು ಫಂಕ್ಷನ್ ಬರೆದ ದಿನ ಸೆಗ್‌ಫಾಲ್ಟ್ (ಪ್ರೋಗ್ರಾಂ ಕ್ರ್ಯಾಶ್).

ಸುರತ್ಕಲ್_ಹುಡುಗ:
ದೊಡ್ಡ ಟಿ ಬಂತು, ಲಿಂಕೂ ಆಯ್ತು! ಆದ್ರೆ 3 + 4 ಕೂಡಿಸಿದ್ರೆ ಸ್ಕ್ರೀನಲ್ಲಿ ಏನೂ ಕಾಣುವುದಿಲ್ಲ, ಲ್ಯಾಪ್‌ಟಾಪ್ ಟುಂಯ್ ಅಂತ ಸದ್ದು ಮಾಡ್ತದೆ.

ಕಟಪಾಡಿ_ಲಿನಕ್ಸ್:
ಲಿಂಕರ್ ಕೆಲಸ ಅಲ್ಲಿಗೆ ಮುಗೀತು. ಆಸ್ಕಿಯಲ್ಲಿ (ಅಕ್ಷರಗಳ ಸಂಖ್ಯಾ ಕೋಡ್) 7 ಅಂದ್ರೆ ಬೆಲ್. ಪ್ರಿಂಟ್ ಮಾಡುವ ಮೊದಲು 48 ('0' ಅಕ್ಷರದ ಕೋಡ್) ಕೂಡಿಸಿ.