‘ಸುರಕ್ಷಿತ ಕಾರ್ಯಭಾರ’: ಚೈನ್ ಹಾಯಿಸ್ಟಿನ ಫಲಕಕ್ಕೆ ಈ ಮಾತು ಸಲ್ಲುವುದೇ?

ಮಾನ್ಯರೇ,

ತುಮಕೂರು ಬಳಿಯ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಒಂದು ಘಟಕದಲ್ಲಿ ಎಲೆಕ್ಟ್ರಿಕ್ ಚೈನ್ ಹಾಯಿಸ್ಟ್ (ಮೋಟಾರಿನ ಬಲದಿಂದ ಸರಪಳಿ ಎಳೆದು ವಸ್ತುಗಳನ್ನು ಎತ್ತುವ ಸಾಧನ) ನಡೆಸುವವರಿಗಾಗಿ ಕನ್ನಡದ ಸೂಚನಾ ಫಲಕವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಕೈಗೆ ಬಂದ ಕರಡಿನ ಮೊದಲ ಸಾಲು ‘ಸುರಕ್ಷಿತ ಕಾರ್ಯಭಾರ: 1 ಟನ್’ ಎಂದಿದೆ. ಇದು ಇಂಗ್ಲಿಷಿನ ‘ಸೇಫ್ ವರ್ಕಿಂಗ್ ಲೋಡ್’, ಅಂದರೆ ಸಾಧನ ಸುರಕ್ಷಿತವಾಗಿ ಹೊರಬಲ್ಲ ಗರಿಷ್ಠ ಭಾರ, ಎಂಬುದರ ಅನುವಾದ. ಈ ಮಾತನ್ನು ಹಾಗೆಯೇ ಬಿಡಲು ನನಗೆ ಮನಸ್ಸಿಲ್ಲ.

ಕಾರ್ಯಭಾರವೆಂದರೆ ನಮ್ಮಲ್ಲಿ ಒಬ್ಬರ ಪಾಲಿಗೆ ಬಂದ ಕೆಲಸದ ಹೊರೆ. ಅಧ್ಯಾಪಕರಿಗೆ ವಾರಕ್ಕೆ ಇಷ್ಟು ಗಂಟೆಯ ಕಾರ್ಯಭಾರ ಎನ್ನುತ್ತೇವೆ. ಶಿರಾ, ಕೊರಟಗೆರೆ ಕಡೆಯಿಂದ ಪಾಳಿಗೆ ಬರುವ ಹುಡುಗರು ಈ ಸಾಲನ್ನು ಓದಿ, ಇದು ತಮ್ಮ ದುಡಿಮೆಯ ಪ್ರಮಾಣಕ್ಕೆ ಸಂಬಂಧಿಸಿದ್ದೆಂದು ತಿಳಿದರೆ ದೋಷ ಫಲಕದ್ದೇ ಹೊರತು ಅವರದಲ್ಲ.

ಹಾಗಾದರೆ ‘ಗರಿಷ್ಠ ತೂಕ’ ಎಂದರೆ ಸಾಲದೇ ಎಂದು ಕೇಳಬಹುದು. ನನ್ನ ಮುಖ್ಯ ಪ್ರಶ್ನೆ ಇರುವುದೇ ಇಲ್ಲಿ. ತೂಕ ವಸ್ತುವಿನದು, ಭಾರ ಅದನ್ನು ಹೊರುವುದರ ಮೇಲೆ ಬೀಳುವಂಥದ್ದು. 960 ಕಿಲೋ ತೂಗುವ ಉಕ್ಕಿನ ಅಚ್ಚೊಂದನ್ನು ಎತ್ತಬೇಕಾಗಿದೆ ಎನ್ನೋಣ. ಅದನ್ನು ತೂಗುಹಾಕುವ ಅಡ್ಡತೊಲೆ, ಶ್ಯಾಕಲ್ಲು (ಜೋಡಿಸುವ ಉಕ್ಕಿನ ಕೊಂಡಿ), ಸರಪಳಿ ಎಲ್ಲ ಸೇರಿ 50 ಕಿಲೋ ಆದರೆ, ತೂಕದ ಚೀಟಿ ನೋಡಿದವನಿಗೆ ಎಲ್ಲವೂ ಮಿತಿಯೊಳಗಿದ್ದಂತೆ ಕಾಣುತ್ತದೆ, ಆದರೆ ಕೊಕ್ಕೆಯ ಮೇಲೆ ಆಗಲೇ 1010 ಕಿಲೋ ಬಿದ್ದಿರುತ್ತದೆ. ವಸ್ತುವಿಗೆ ಸುತ್ತಿ ಕೊಕ್ಕೆಗೆ ತಗುಲಿಸುವ ಬೆಲ್ಟುಗಳ ವಿಚಾರದಲ್ಲಿ ಈ ಅಂತರ ಇನ್ನೂ ದೊಡ್ಡದು. 1 ಟನ್ ವಸ್ತುವನ್ನು ಎರಡು ಬೆಲ್ಟುಗಳಿಂದ ಸಮನಾಗಿ ಎತ್ತುವಾಗ ಅವು ಅಡ್ಡಮಟ್ಟಕ್ಕೆ 60 ಡಿಗ್ರಿ ಕೋನದಲ್ಲಿದ್ದರೆ ಒಂದೊಂದರ ಮೇಲೂ ಸುಮಾರು 577 ಕಿಲೋ ಸೆಳೆತ ಬೀಳುತ್ತದೆ. ಕೋನ 30 ಡಿಗ್ರಿಗೆ ಇಳಿದರೆ ಒಂದೊಂದೂ ಪೂರ್ತಿ 1 ಟನ್ ಹೊರಬೇಕಾಗುತ್ತದೆ. ವಸ್ತುವಿನ ತೂಕ ಒಂದು ಗ್ರಾಮೂ ಹೆಚ್ಚಿರುವುದಿಲ್ಲ. ಆದ್ದರಿಂದ ‘ಕೊಕ್ಕೆಗೆ ಬೀಳುವ ಒಟ್ಟು ಭಾರ 1 ಟನ್ ಮೀರಬಾರದು’ ಎಂದು ಬರೆಯುವುದು ಸರಿಯೆಂದು ನನಗೆ ತೋರುತ್ತದೆ. ಮಾತು ಉದ್ದವಾಯಿತೆಂಬ ಆಕ್ಷೇಪ ಬರಬಹುದು. ಜೀವದ ಪ್ರಶ್ನೆ ಇರುವಲ್ಲಿ ಎರಡು ಪದ ಹೆಚ್ಚಾದರೆ ಚಿಂತೆಯಿಲ್ಲ.

‘ಹಾಯಿಸ್ಟ್’ ಎಂಬ ಪದವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಕೈಯಿಂದ ಎಳೆಯುವುದನ್ನು ಚೈನ್ ಬ್ಲಾಕ್ ಎಂದೂ ಮೋಟಾರಿನದನ್ನು ಹಾಯಿಸ್ಟ್ ಎಂದೂ ಕರೆದರೆ ಗೊಂದಲವಿರದು. ಆದರೆ 2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 28ನೆಯ ಪ್ರಕರಣದಲ್ಲಿ ಹಾಯಿಸ್ಟ್ ಎಂದರೆ ಮಾರ್ಗದರ್ಶಿ ಕಂಬಿಗಳ ನಡುವೆ ಚಲಿಸುವ ವೇದಿಕೆ ಅಥವಾ ಪಂಜರವುಳ್ಳದ್ದಾಗಿತ್ತು. ನಮ್ಮ ಸಾಧನ ಬರುತ್ತಿದ್ದುದು 29ನೆಯ ಪ್ರಕರಣದ ‘ಎತ್ತುವ ಯಂತ್ರ’ಗಳ ಗುಂಪಿಗೆ. ಮೊದಲನೆಯದಕ್ಕೆ 6 ತಿಂಗಳಿಗೊಮ್ಮೆ, ಎರಡನೆಯದಕ್ಕೆ 12 ತಿಂಗಳಿಗೊಮ್ಮೆ ಸಮರ್ಥ ವ್ಯಕ್ತಿಯಿಂದ ಕೂಲಂಕಷ ಪರೀಕ್ಷೆಯಾಗಬೇಕೆಂದು ಅಲ್ಲಿತ್ತು. ಹೀಗಾಗಿ ಆ ಕಾಯ್ದೆಯನ್ನು ಉಲ್ಲೇಖಿಸುವ ಸಾಲಿನಲ್ಲಿ ಮಾತ್ರ ‘ಎತ್ತುವ ಯಂತ್ರ’ ಎಂದೇ ಬರೆದಿದ್ದೇನೆ.

ಕರಡಿನಲ್ಲಿ ಲಿಮಿಟ್ ಸ್ವಿಚ್ಚಿಗೆ ‘ನಿಲುಗಡೆ ಸ್ವಿಚ್’ ಎಂದಿರುವುದು ಇನ್ನೂ ಅಪಾಯಕಾರಿ. ಕೊಕ್ಕೆ ಮೇಲೇರಿ ಹಾಯಿಸ್ಟಿನ ಮೈಗೆ ಬಡಿಯದಂತೆ ತಡೆಯುವ ಕೊನೆಯ ಏರ್ಪಾಡು ಅದು. ನಿಲುಗಡೆಯೆಂದು ಹೆಸರಿಟ್ಟರೆ, ಬಟನ್ನಿನಿಂದ ಕೈ ತೆಗೆಯದೆ ಪ್ರತಿ ಸಲವೂ ಅದರಿಂದಲೇ ನಿಲ್ಲಿಸುವ ರೂಢಿ ಬಿದ್ದೀತು. ‘ತುದಿತಡೆ ಸ್ವಿಚ್’ ಆಗಬಹುದೇ? ಹಾಗೆಯೇ, ಕೊಕ್ಕೆಯ ನೇರ ಕೆಳಗಿರದ ವಸ್ತುವನ್ನು ಪಕ್ಕಕ್ಕೆ ಎಳೆದು ಎತ್ತುವುದಕ್ಕೆ ‘ಓರೆ ಎಳೆತ’ ಎಂದು ಬರೆದಿದ್ದೇನೆ. ಸರಪಳಿ ತನ್ನ ಗಾಲಿಯಿಂದ ಜಾರುವುದೂ ವಸ್ತು ತಟ್ಟನೆ ತೂಗಾಡಿ ಮನುಷ್ಯರ ಮೇಲೆ ಬರುವುದೂ ಇದರಿಂದಲೇ ಆದ್ದರಿಂದ, ಓದಿದೊಡನೆ ತಿಳಿಯುವ ಪದವೇ ಬೇಕು.

ಮಾಲೂರು, ನರಸಾಪುರ, ಗೌರಿಬಿದನೂರು ಕಡೆಯ ಕಾರ್ಖಾನೆಗಳನ್ನು ಬಲ್ಲವರು, ಅಲ್ಲಿ ಕೆಲಸಗಾರರ ಬಾಯಲ್ಲಿ ಓರೆ ಎಳೆತಕ್ಕೂ ತುದಿತಡೆಗೂ ಬೇರೆ ಮಾತುಗಳಿದ್ದರೆ ದಯವಿಟ್ಟು ತಿಳಿಸಬೇಕು. ಫಲಕ ಅಚ್ಚಿಗೆ ಹೋಗುವ ಮೊದಲು ಸೇರಿಸುತ್ತೇನೆ.