‘ಸಂವಹನ’ ಅಂದರೆ ಒಂದೇ ಕಡೆಯ ಸಾಗಾಟವಾ?

ಎಲ್ಲರಿಗೂ ನಮಸ್ಕಾರ.

ಮಾಧ್ಯಮ ಅಧ್ಯಯನದ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂರು ಪದಗಳ ಹತ್ತಿರ ಕೈ ನಿಂತಿದೆ: ಸೈನ್ಸ್ ಕಮ್ಯುನಿಕೇಶನ್, ಡೆಫಿಸಿಟ್ ಮಾಡೆಲ್, ಸೈಂಟಿಫಿಕ್ ಕಲ್ಚರ್.

ಮೊದಲನೆಯದಕ್ಕೆ ‘ವಿಜ್ಞಾನ ಸಂವಹನ’ ಅಂತ ಬರೆಯುವುದು ರೂಢಿ. ನನಗೆ ಅದು ಹಿಡಿಸಿರಲಿಲ್ಲ. ‘ವಹನ’ ಅಂದರೆ ಹೊರುವುದು ಅಲ್ವಾ? ಬಲ್ಲವರು ಹೊತ್ತು ತಂದು ನಮ್ಮ ತಲೆಗೆ ಸುರಿದ ಹಾಗೆ ಕೇಳುತ್ತದೆ. ಆಮೇಲೆ ಶಾಲೆಯ ಭೌತಶಾಸ್ತ್ರ ನೆನಪಾಯಿತು. ಅಲ್ಲಿ ಉಷ್ಣ ವಹನ ಬೇರೆ, ಉಷ್ಣ ಸಂವಹನ ಬೇರೆ. ಕಬ್ಬಿಣದ ಸರಳಿನ ಒಂದು ತುದಿ ಕಾಸಿದರೆ ಬಿಸಿ ಇನ್ನೊಂದು ತುದಿಗೆ ದಾಟುತ್ತದೆ. ಸರಳು ಮಾತ್ರ ಇದ್ದಲ್ಲೇ ಇರುತ್ತದೆ. ಅದು ವಹನ. ಪಾತ್ರೆಯ ನೀರು ಕಾಯುವಾಗ ತಳದ ಬಿಸಿ ನೀರು ಮೇಲೇರುತ್ತದೆ, ಮೇಲಿನ ತಣ್ಣನೆಯದು ಕೆಳಗಿಳಿಯುತ್ತದೆ. ಅದು ಸಂವಹನ. ಎರಡೂ ಕಡೆ ಓಡಾಟ! ಈಗ ಪದದ ಮೇಲೆ ನನ್ನ ಸಿಟ್ಟು ಇಳಿದಿದೆ.

ಮಾತು ಒಂದೇ ಕಡೆಯಿಂದ ಹರಿಯಬೇಕಾ, ಎರಡೂ ಕಡೆಯಿಂದಲಾ? ವಿಜ್ಞಾನ ಸಂವಹನ ಕ್ಷೇತ್ರದವರ ಜಗಳವೂ ಇದೇ. 1985ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿ ಒಂದು ವರದಿ ತಂದಿತು. ಜನರಿಗೆ ವಿಜ್ಞಾನ ಜಾಸ್ತಿ ತಿಳಿಯಬೇಕು, ಅದಕ್ಕೆ ವಿಜ್ಞಾನಿಗಳೇ ಮಾತಾಡಲು ಕಲಿಯಬೇಕು ಅಂತ. ಮರುವರ್ಷವೇ ಚೆರ್ನೋಬಿಲ್ ಅಣುಸ್ಥಾವರದ ದುರಂತ. ಗಾಳಿಯಲ್ಲಿ ಬಂದ, ವಿಕಿರಣ ಸೂಸುವ ಸೀಸಿಯಂ ಮಳೆಯ ಜೊತೆ ಇಂಗ್ಲೆಂಡಿನ ಕಂಬ್ರಿಯಾ ಗುಡ್ಡಗಳ ಮೇಲೆ ಬಿತ್ತು. ಸರ್ಕಾರದವರು ಕುರಿ ಮಾರುವುದಕ್ಕೆ ತಡೆ ಹಾಕಿ, ಮೂರು ವಾರದಲ್ಲಿ ಸರಿಹೋಗುತ್ತದೆ ಅಂದರು. ಜೇಡಿಮಣ್ಣಾಗಿದ್ದರೆ ಸೀಸಿಯಂ ಅದಕ್ಕೆ ಅಂಟಿಕೊಂಡು ಕೂರುತ್ತಿತ್ತು. ಗುಡ್ಡದ್ದು ಅಂಥ ಮಣ್ಣಲ್ಲ, ಮತ್ತೆ ಮತ್ತೆ ಹುಲ್ಲಿಗೆ ಏರುತ್ತಲೇ ಇತ್ತು. ಕೊನೆಯ ನಿರ್ಬಂಧ ತೆಗೆದದ್ದು 2012ರಲ್ಲಿ. ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಬ್ರಯಾನ್ ವಿನ್ ಅಲ್ಲಿನ ಕುರಿಗಾರರನ್ನು ಮಾತಾಡಿಸಿದರು. ಕುರಿಗೆ ಒಣಹುಲ್ಲು ಹಾಕಿ ಅಂತ ತಜ್ಞರ ಸಲಹೆ ಬಂದಿತ್ತಂತೆ. ಗುಡ್ಡದ ಕುರಿ ಅದರ ಕಡೆ ತಿರುಗಿಯೂ ನೋಡುವುದಿಲ್ಲ ಅಂತ ಕುರಿಗಾರರಿಗೆ ಗೊತ್ತಿತ್ತು. ಅವರನ್ನು ಕೇಳಿದವರಿಲ್ಲ.

ಜನರ ತಲೆ ಖಾಲಿ, ತುಂಬಿದರೆ ಮುಗಿಯಿತು ಅನ್ನುವ ಈ ಧೋರಣೆಗೇ ಡೆಫಿಸಿಟ್ ಮಾಡೆಲ್ ಅನ್ನುವುದು. ‘ಕೊರತೆ ಮಾದರಿ’ ಅಂತ ಹಾಕಿದ್ದೆ. ಓದಿದ ಗೆಳೆಯ, “ಬಜೆಟ್ ಬಗ್ಗೆ ಬರೀತಿದ್ದೀಯಾ?” ಅಂದ. ‘ಮಾದರಿ’ಯೂ ತೊಡಕೇ. ಮಾದರಿ ಶಾಲೆ, ಮಾದರಿ ರೈತ ಅಂತ ಹೊಗಳಿ ನಮಗೆ ಅಭ್ಯಾಸ. ಬೈಯಲು ಹುಟ್ಟಿದ ಪದ ಕನ್ನಡದಲ್ಲಿ ಬೆನ್ನು ತಟ್ಟಿದ ಹಾಗಾಗುತ್ತದೆ. ‘ಖಾಲಿ ಕೊಡದ ನೋಟ’ ಅಂತಲೂ ಬರೆದು ನೋಡಿದೆ. ಒಂದು ಸಲಕ್ಕೆ ಚೆನ್ನ, ಪುಟಕ್ಕೆ ನಾಲ್ಕು ಸಲ ಬಂದರೆ ನಗು ಬರುತ್ತದೆ. ಹೊಡೆದುಹಾಕಿದೆ.

ಇನ್ನು ಸೈಂಟಿಫಿಕ್ ಕಲ್ಚರ್. ‘ವೈಜ್ಞಾನಿಕ ಸಂಸ್ಕೃತಿ’ ಅಂದರೆ ಸಂಸ್ಕೃತಿಯೇ ವೈಜ್ಞಾನಿಕವಾದದ್ದು ಅನ್ನಿಸುತ್ತದೆ, ‘ವೈಜ್ಞಾನಿಕ ಮನೋಭಾವ’ದ ತಮ್ಮನ ಹಾಗೆ. ಲೇಖನ ಹೇಳುತ್ತಿರುವುದು ಬೇರೆ. ಸಂಗೀತ, ನಾಟಕದ ಹಾಗೆ ವಿಜ್ಞಾನವೂ ಜನರ ನಡುವೆ ಓಡಾಡಿಕೊಂಡಿರುವುದು: ಮ್ಯೂಸಿಯಂ, ಪತ್ರಿಕೆಯ ಅಂಕಣ, ಗ್ರಹಣದ ದಿನ ಸುಮ್ನೆ ಹೊಡೆಯುವ ಹರಟೆ. ಸದ್ಯಕ್ಕೆ ‘ವಿಜ್ಞಾನ ಸಂಸ್ಕೃತಿ’ ಅಂತ ಇಟ್ಟಿದ್ದೇನೆ. ಒಂದು ‘ಇಕ’ ಬಿಟ್ಟರೆ ಅರ್ಥ ಇಷ್ಟು ಬದಲಾಗುತ್ತದಾ, ಇಲ್ಲಾ ನನ್ನ ಕಿವಿಗೆ ಮಾತ್ರ ಹಾಗೆ ಕೇಳುತ್ತಿದೆಯಾ?

ಡೆಫಿಸಿಟ್ ಮಾಡೆಲ್‌ಗೆ ಬೇರೆ ಪದ ಬಳಸಿದವರಿದ್ದರೆ ತಿಳಿಸಿ. ಪದವೊಂದೇ ಬೇಡ, ಅದು ಕೂತಿರುವ ವಾಕ್ಯವನ್ನೂ ಬರೆಯಿರಿ.