ಕೂತು ಓಡಿಸುವ ಹುಲ್ಲಿನ ಮಿಷನ್: ಹೊಸ ಬ್ಯಾಟರಿ ಹಾಕಿದರೂ ಸ್ಟಾರ್ಟ್ ಇಲ್ಲ

ನಾಪೋಕ್ಲು_ಕಡೆಯವ
ಸಾಕಾಗಿ ಹೋಗಿದೆ. ಮನೆ ಮುಂದಿನ ಹುಲ್ಲು ಮೊಣಕಾಲಿಗೆ ಬಂದಿದೆ. ಕೈಲ್ ಮುಹೂರ್ತದ ಹಬ್ಬಕ್ಕೆ ನೆಂಟರು ಬರುತ್ತಾರೆ, ಹೋಂಸ್ಟೇ ರೂಮೂ ಬುಕ್ ಆಗಿದೆ. ಮಿಷನ್ ಮಾತ್ರ ಅಲ್ಲಾಡುವುದಿಲ್ಲ. ಮೊನ್ನೆ ಹೊಸ ಬ್ಯಾಟರಿ ಹಾಕಿಸಿದೆ, ದುಡ್ಡು ದಂಡ. ಏನಿರಬಹುದು?

ಸ್ಪಾನರ್_ಸೋಮವಾರಪೇಟೆ
ಯಾವ ಇಂಜಿನ್? ಕೀ ತಿರುಗಿಸಿದರೆ ಸದ್ದು ಬರುತ್ತಾ, ಇಲ್ವಾ? ಮಗು ಅಳುತ್ತಿದೆ, ಮದ್ದು ಹೇಳಿ ಅಂತ ಫೋನ್ ಮಾಡಿದ ಹಾಗಾಯ್ತು.

ನಾಪೋಕ್ಲು_ಕಡೆಯವ
ಮಾಮೂಲಿ ಕೆಂಪು ಮಿಷನ್. ಬ್ರಿಗ್ಸ್ ಇಂಜಿನ್, ಒಂದೇ ಸಿಲಿಂಡರ್, 17.5 ಎಚ್‌ಪಿ. ಅಪ್ಪ ತಂದಿದ್ದು, 20 ವರ್ಷ ದಾಟಿದೆ. ಕೀ ತಿರುಗಿಸಿದರೆ ಟಕಟಕಟಕ. ಅಷ್ಟೇ.

ಪಲ್ಪರ್_ಪ್ರಿಯ
ಸೀಟಿನ ಕೆಳಗಿನ ಸ್ವಿಚ್. ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ನಮ್ಮದರಲ್ಲಿ ಇಲಿ ಅದರ ವೈರ್ ಕಡಿದಿತ್ತು. ಮಳೆಗಾಲದಲ್ಲಿ ಶೆಡ್ಡಿನೊಳಗೆ ಬಂದ ಇಲಿ ಮೊದಲು ನೋಡುವುದೇ ಆ ಜಾಗವನ್ನು.

ಸ್ಪಾನರ್_ಸೋಮವಾರಪೇಟೆ
ಟಕಟಕ ಅನ್ನುತ್ತಿದೆ ಅಂದರೆ ಸೇಫ್ಟಿ ಸ್ವಿಚ್‌ಗಳನ್ನು ದಾಟಿ ಕರೆಂಟ್ ಸ್ಟಾರ್ಟರ್ ಮೋಟಾರಿನ ದೊಡ್ಡ ಸ್ವಿಚ್ಚಾದ ಸೊಲೆನಾಯ್ಡ್‌ವರೆಗೆ ಬಂದಿದೆ ಅಂತ ಅರ್ಥ. ಬ್ರೇಕ್ ಪೆಡಲ್ ಸ್ವಿಚ್ಚೋ ಬ್ಲೇಡ್ ಸ್ವಿಚ್ಚೋ ಕೈಕೊಟ್ಟಿದ್ದರೆ ಸದ್ದೇ ಬರುತ್ತಿರಲಿಲ್ಲ. ಹೆಚ್ಚಿನ ಮಿಷನ್‌ಗಳಲ್ಲಿ ಸೀಟಿನ ಸ್ವಿಚ್ ಇರುವುದು ನೀವು ಎದ್ದರೆ ಇಂಜಿನ್ ಆಫ್ ಮಾಡಲಿಕ್ಕೆ.
ಟಕಟಕ ಅಂದರೆ ನೂರಕ್ಕೆ ತೊಂಬತ್ತು ಸಲ ಬ್ಯಾಟರಿ. ಅಂಗಡಿಯಲ್ಲೇ ತಿಂಗಳುಗಟ್ಟಲೆ ಕೂತಿದ್ದರೆ ಹೊಸದೂ ಇಳಿದಿರುತ್ತೆ. ಚಾರ್ಜಿಗೆ ಹಾಕಿ. ಫುಲ್ ಆದಮೇಲೆ 12.6 ವೋಲ್ಟ್ ತೋರಿಸಬೇಕು.

ನಾಪೋಕ್ಲು_ಕಡೆಯವ
ರಾತ್ರಿಯಿಡೀ ಚಾರ್ಜ್ ಮಾಡಿದೆ. 12.7 ಇದೆ. ಅದೇ ಟಕಟಕ.

ಸ್ಪಾನರ್_ಸೋಮವಾರಪೇಟೆ
ಸುಮ್ಮನಿದ್ದಾಗ 12.7 ಇದ್ದರೆ ಏನು ಬಂತು? ಕೀ ತಿರುಗಿಸಿ ಲೋಡ್ ಬಿದ್ದಾಗ ನೋಡಬೇಕು. ಬೇರೆ ಬ್ಯಾಟರಿ ತಂದು ಹಾಕಿ.

ಪಲ್ಪರ್_ಪ್ರಿಯ
ಇನ್ನೊಂದು ಬ್ಯಾಟರಿಯಾ? ಅಣ್ಣ, ನಿಮಗೆ ಬ್ಯಾಟರಿ ಅಂಗಡಿ ಇದೆಯಾ? ಸೀಟ್ ಎತ್ತಿ ಆ ಎರಡು ವೈರ್ ನೋಡಲಿಕ್ಕೆ ಎರಡು ನಿಮಿಷ ಸಾಕು.

ಹಳೇ_ಜೀಪು
ಸೊಲೆನಾಯ್ಡಿನ ಎರಡು ದಪ್ಪ ಬೋಲ್ಟಿಗೆ ಸ್ಕ್ರೂಡ್ರೈವರ್ ಅಡ್ಡ ಇಡಿ. ಇಂಜಿನ್ ತಿರುಗಿದರೆ ಸೊಲೆನಾಯ್ಡ್ ಹೋಗಿದೆ.

ಸ್ಪಾನರ್_ಸೋಮವಾರಪೇಟೆ
ಹೊಸಬರಿಗೆ ಹೀಗೆಲ್ಲ ಹೇಳಬೇಡಿ ಮಾರಾಯ್ರೆ. ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕ್ ಇರುತ್ತೆ. ಗೇರಿನಲ್ಲಿದ್ದರೆ ಗಾಡಿ ಮೈಮೇಲೇ ಬರುತ್ತೆ.

ಹಳೇ_ಜೀಪು
ನ್ಯೂಟ್ರಲ್ ಮಾಡಿ, ಬ್ರೇಕ್ ಹಾಕಿ ಅಂತ ಬೇರೆ ಹೇಳಬೇಕಾ? ನಾವು ಕಲಿತಿದ್ದೇ ಹೀಗೆ. ಎರಡು ಜೀಪು, ಒಂದು ಪವರ್ ಟಿಲ್ಲರ್, ಕಾಫಿ ಹಣ್ಣು ಸುಲಿಯುವ ಡೀಸೆಲ್ ಪಲ್ಪರ್ ಎಲ್ಲ ನಾನೇ ಬಿಚ್ಚಿ ಕಟ್ಟಿದ್ದೇನೆ.

ತೋಟದ_ರೈಟರ್
ನಮ್ಮ ಇಳಿಜಾರಿಗೆ ಈ ಕೂತು ಓಡಿಸುವ ಮಿಷನ್ ಆಗುವುದೇ ಇಲ್ಲ. ಅದು ಕುಶಾಲನಗರದ ಬಯಲಿಗೆ ಸರಿ. ನಮ್ಮಲ್ಲಿ ಹೆಗಲಿಗೆ ಹಾಕುವ ಕಾಡು (ಕಳೆ) ಹೊಡೆಯುವ ಮಿಷನ್ ನಾಲ್ಕಿವೆ. ಹಗ್ಗ ಎಳೆದರೆ ಸ್ಟಾರ್ಟ್. ಬ್ಯಾಟರಿಯೂ ಇಲ್ಲ, ತಲೆನೋವೂ ಇಲ್ಲ.

ಹಳೇ_ಜೀಪು
ನಾಲ್ಕಾ? ಯಾವ ಕಂಪನಿ? ನೈಲಾನ್ ದಾರವಾ, ಬ್ಲೇಡಾ?

ನಾಪೋಕ್ಲು_ಕಡೆಯವ
ದಾರದ ವಿಚಾರ ಆಮೇಲೆ ಮಾತಾಡಿ. ಸೀಟಿನ ವೈರ್ ನೋಡಿದೆ, ಸರಿ ಇದೆ. ಸ್ಕ್ರೂಡ್ರೈವರ್ ಇಟ್ಟೆ. ಸಣ್ಣ ಕಿಡಿ ಬಂತು, ತಿರುಗಲಿಲ್ಲ. ಹಾಗಾದರೆ ಸ್ಟಾರ್ಟರ್ ಮೋಟಾರೇ ಹೋಯ್ತಾ? ಹಳೇ ಬ್ಯಾಟರಿ ಇದ್ದಾಗ ಜೀಪಿನ ಬ್ಯಾಟರಿಯಿಂದ ವೈರ್ ಎಳೆದು ಜಂಪ್ ಮಾಡಿದರೆ ಒಂದೇ ಏಟಿಗೆ ಹೊತ್ತಿಕೊಂಡಿತ್ತಲ್ಲ!

ಗೋಣಿಕೊಪ್ಪ_ವೈರಿಂಗ್
ಅದನ್ನು ಈಗ ಹೇಳ್ತಿದ್ದೀರಾ? ಜಂಪ್ ಮಾಡಿದಾಗ ಕಪ್ಪು ಕ್ಲಿಪ್ ಎಲ್ಲಿ ಹಾಕಿದ್ದಿರಿ?

ನಾಪೋಕ್ಲು_ಕಡೆಯವ
ಇಂಜಿನ್ನಿನ ಒಂದು ಬೋಲ್ಟಿಗೆ. ಯಾಕೆ?

ಗೋಣಿಕೊಪ್ಪ_ವೈರಿಂಗ್
ಹಾಗಾದರೆ ಮೋಟಾರ್ ಚೆನ್ನಾಗಿದೆ, ಸೊಲೆನಾಯ್ಡೂ ಚೆನ್ನಾಗಿದೆ. ಕೆಂಪು ಕ್ಲಿಪ್ ಬ್ಯಾಟರಿಗೆ, ಕಪ್ಪು ಇಂಜಿನ್ನಿಗೆ ಹಾಕಿದಾಗ ನಿಮ್ಮ ಮಿಷನ್ನಿನ ಅರ್ತ್ ವೈರನ್ನು (ಬ್ಯಾಟರಿ ಮೈನಸ್‌ನಿಂದ ಚಾಸಿಗೆ ಹೋಗುವ ಕಪ್ಪು ವೈರ್) ಬಿಟ್ಟು ಕರೆಂಟ್ ಬೇರೆ ದಾರಿ ಹಿಡಿಯಿತು. ಅನುಮಾನ ಅಲ್ಲೇ.
ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೇ, ಕ್ಲಾಂಪಿಗಲ್ಲ. ಇನ್ನೊಂದು ಇಂಜಿನ್ನಿನ ಬರೀ ಲೋಹಕ್ಕೆ. ಬ್ಲೇಡ್ ಆಫ್ ಇರಲಿ. ಯಾರಾದರೂ ಕೀ ತಿರುಗಿಸಲಿ. ಅರ್ಧ ವೋಲ್ಟಿಗಿಂತ ಜಾಸ್ತಿ ಬಂದರೆ ಅರ್ತ್ ಕೆಟ್ಟಿದೆ. ಹಾಗೇ ಬ್ಯಾಟರಿಯ ಎರಡು ಕಂಬದ ಮಧ್ಯೆಯೂ ಒಮ್ಮೆ ನೋಡಿ.

ಸ್ಪಾನರ್_ಸೋಮವಾರಪೇಟೆ
ಇರಬಹುದು. ಆದರೂ ಬ್ಯಾಟರಿ ಒಮ್ಮೆ ಲೋಡ್ ಟೆಸ್ಟ್ ಮಾಡಿಸಿ.

(ಐದು ದಿನ ಯಾರದೂ ಮಾತಿಲ್ಲ)

ತೋಟದ_ರೈಟರ್
ಏನಾಯ್ತು? ಹುಲ್ಲು ಹಸುವಿಗೆ ಹಾಕಿದಿರಾ?

ನಾಪೋಕ್ಲು_ಕಡೆಯವ
ಕ್ಷಮಿಸಿ. ಮರ ಬಿದ್ದು ಲೈನ್ ಹೋಗಿತ್ತು. ಮೂರು ದಿನ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ.
ಮಗಳು ಕೀ ತಿರುಗಿಸಿದಳು, ನಾನು ಮೀಟರ್ ಹಿಡಿದೆ. ಅರ್ತ್ ಕಡೆ 6, 8, 9 ಅಂತ ಅಂಕಿ ಕುಣಿಯಿತು. ಬ್ಯಾಟರಿಯ ಎರಡು ಕಂಬದ ಮಧ್ಯೆ 12.5ರಿಂದ ಕೆಳಗೆ ಇಳಿಯಲೇ ಇಲ್ಲ.
ಬ್ಯಾಟರಿ ತೆಗೆದೆ. ಪ್ಲಾಸ್ಟಿಕ್ ಡಬ್ಬಿಯ ಕೆಳಗೆ ಕೈ ಹಾಕಿದರೆ ಕಪ್ಪು ವೈರ್ ಚಾಸಿಗೆ ಸೇರುವ ಬೋಲ್ಟ್ ಸಿಕ್ಕಿತು. ಮೇಲಿಂದ ನೋಡಿದರೆ ಗಟ್ಟಿ ಕೂತಿದೆ. ಬಿಚ್ಚಿದರೆ ವಾಷರ್ ಬಿಸ್ಕತ್ತಿನ ಹಾಗೆ ಪುಡಿಪುಡಿ. ತಾಮ್ರದ ತುದಿಗೆ ಹಸಿರು ಕಿಲುಬು, ಚಾಸಿಯ ಪೇಂಟಿನ ಅಡಿಯಲ್ಲಿ ತುಕ್ಕು ಹಪ್ಪಳದ ಹಾಗೆ ಎದ್ದಿತ್ತು. ಉಪ್ಪುಕಾಗದ ಹಾಕಿ ಬೆಳ್ಳಗೆ ಮಾಡಿ, ಹೊಸ ಬೋಲ್ಟ್, ಸ್ಟಾರ್ ವಾಷರ್ ಹಾಕಿ, ಮೇಲೆ ಗ್ರೀಸ್ ಬಳಿದೆ. ಕೀ ತಿರುಗಿಸಿದ ತಕ್ಷಣ ಹೊತ್ತಿಕೊಂಡಿತು. ಈಗ ಅದೇ ಅಳತೆ 0.2.
ಆ ಡಬ್ಬಿಯಲ್ಲಿ ನೀರು ನಿಲ್ಲುತ್ತೆ, ಹೋಗಲು ತೂತೇ ಇಲ್ಲ. ಜೂನ್‌ನಿಂದ ಶೆಡ್ಡಿನ ಹೆಂಚು ಸೋರುವ ಜಾಗದಲ್ಲೇ ನಿಲ್ಲಿಸಿದ್ದೆ.

ಗೋಣಿಕೊಪ್ಪ_ವೈರಿಂಗ್
ಮೊದಲೇ ಹೇಳಿದ್ದರೆ ಬ್ಯಾಟರಿ ದುಡ್ಡು ಉಳಿಯುತ್ತಿತ್ತು.

ನಾಪೋಕ್ಲು_ಕಡೆಯವ
ಹೌದು. ಹಳೆಯದೂ ಚೆನ್ನಾಗೇ ಇದೆ, ಈಗ ಬೇಲಿಗೆ ಕರೆಂಟ್ ಬಿಡುವ ಐಬೆಕ್ಸ್‌ಗೆ ಕೊಟ್ಟೆ. ಇನ್ನೊಂದು ವಿಷಯ: ಓಡುತ್ತಾ ಗುಂಡಿ ಹಾರಿದರೆ ಒಂದು ಕ್ಷಣ ಆಫ್ ಆದ ಹಾಗಾಗುತ್ತೆ, ಮತ್ತೆ ಹಿಡಿಯುತ್ತೆ.

ಪಲ್ಪರ್_ಪ್ರಿಯ
ಸೀಟ್ ಸ್ವಿಚ್!